ಗಡಿಯಾರದಣ್ಣ ಎಚ್ಚರವಾಗಿದ್ದ ದಿನ

ಎಲ್ಲ ಅನರ್ಥಕ್ಕೂ ಕಾರಣ ಒಂದು ಹೆಬ್ಬೆರಳು. ಅದೂ ಗಡಿಯಾರದಣ್ಣನದಲ್ಲ, ಅವನ ಹೆಂಡತಿಯದು. ಬೆಳಿಗ್ಗೆ ಆಕೆ ಹಿಂದಿನ ಕೋಣೆಯ ಕಿಟಕಿ ತೆಗೆಯಲು ಹೋದಾಗ, ಕಿಟಕಿಯೆತ್ತರಕ್ಕೆ ಪೇರಿಸಿಟ್ಟ ಪುಸ್ತಕದ ಗುಡ್ಡೆ ಅಲುಗಿ, ಎಲ್ಲಕ್ಕಿಂತ ಮೇಲಿದ್ದ ನಿಘಂಟು ನೇರ ಆಕೆಯ ಕಾಲಿನ ಮೇಲೆ ಬಿತ್ತು. ಕೂಗು ಕೇಳಿ ಓಡಿ ಬಂದ ಗಡಿಯಾರದಣ್ಣ ಮೊದಲು ನಿಘಂಟನ್ನು ಎತ್ತಿಕೊಂಡು ಅದರ ರಟ್ಟು ಕಿತ್ತುಬಂದಿದೆಯೇ ಎಂದು ನೋಡಿದ. ಆಮೇಲೆ ಹೆಬ್ಬೆರಳನ್ನು ನೋಡಿದ. ಮೊದಲು ನೋಡಬೇಕಾದದ್ದು ಯಾವುದು ಎಂದು ಅವನಿಗೆ ಹೊಳೆಯುವಷ್ಟರಲ್ಲಿ ಹೊತ್ತು ಮೀರಿತ್ತು.

ಬೀದಿಯವರೆಲ್ಲ ಅವನನ್ನು ಗಡಿಯಾರದಣ್ಣ ಎಂದೇ ಕರೆಯುತ್ತಿದ್ದರು. ಪೇಟೆಬೀದಿಯ ಗಡಿಯಾರದ ಅಂಗಡಿಯಲ್ಲಿ ಹದಿನೈದು ವರ್ಷದಿಂದ ರಿಪೇರಿ ಕೆಲಸ. ಕುಡಿತವಿಲ್ಲ, ಇಸ್ಪೀಟಿಲ್ಲ, ಯಾರ ಉಸಾಬರಿಯೂ ಇಲ್ಲ. ಇದ್ದ ಚಟ ಎರಡೇ. ದಾರಿಯಲ್ಲಿ ಹಳೆಯ ಪುಸ್ತಕ ಕಂಡರೆ ಕೊಳ್ಳುವುದು, ಮಧ್ಯಾಹ್ನ ಊಟವಾದ ಮೇಲೆ ನಿದ್ದೆ ಹೊಡೆಯುವುದು. ಎರಡೂ ಒಂದಕ್ಕೊಂದು ನೆಂಟರು. ಓದಬೇಕೆಂದೇ ಅವನು ಪುಸ್ತಕ ಕೊಳ್ಳುತ್ತಿದ್ದ, ಓದಬೇಕೆಂದೇ ತೆರೆಯುತ್ತಿದ್ದ. ಎರಡನೇ ಪುಟಕ್ಕೆ ಅಕ್ಷರಗಳು ಮಸುಕಾಗುತ್ತಿದ್ದವು, ಮೂರನೇ ಪುಟ ಎದೆಯ ಮೇಲೆ ಮಗುಚಿಕೊಳ್ಳುತ್ತಿತ್ತು. ಹಿಂದಿನ ಕೋಣೆಯಲ್ಲಿದ್ದ ನಾನೂರು ಚಿಲ್ಲರೆ ಪುಸ್ತಕಗಳ ಮೊದಲ ಎರಡು ಪುಟಗಳ ಮಟ್ಟಿಗೆ ಅವನಷ್ಟು ಓದಿಕೊಂಡವರು ಊರಿನಲ್ಲೇ ಇರಲಿಲ್ಲ.

ಒಂದೇ ಒಂದು ಪುಸ್ತಕವನ್ನು ಮಾತ್ರ ಅವನು ಪೂರ್ತಿ ಓದಿದ್ದ. ಹತ್ತೊಂಬತ್ತು ವರ್ಷದ ಹಿಂದೆ, ಕಾಲು ಮುರಿದು ಮಂಚ ಹಿಡಿದಿದ್ದಾಗ, ನೀಲಿ ರಟ್ಟಿನ ದಪ್ಪ ಕಾದಂಬರಿಯೊಂದು ಕೈಗೆ ಸಿಕ್ಕಿತ್ತು. ಸಮುದ್ರದ ದಂಡೆಯ ದೀಪಸ್ತಂಭದ ಕಾವಲುಗಾರನನ್ನು ಮದುವೆಯಾಗಿ ಬಂದ ಹೆಣ್ಣಿನ ಕತೆ. ಎರಡು ದಿನ ಅವನು ರೆಪ್ಪೆ ಮುಚ್ಚಿರಲಿಲ್ಲ. ಕೊನೆಯ ಪುಟದಲ್ಲಿ ಆ ಹೆಣ್ಣು ಮೇಲಿನ ಕೋಣೆಯ ಬೀಗಕ್ಕೆ ಕೀಲಿ ಹಾಕುತ್ತಾಳೆ, ಹಿಂದೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಗುತ್ತದೆ, ಅವಳು ತಿರುಗಿ ನೋಡುತ್ತಾಳೆ. ಅಲ್ಲಿಗೆ ಮೊದಲನೇ ಭಾಗ ಮುಗಿಯುತ್ತದೆ. ಎರಡನೇ ಭಾಗ ಸಿಕ್ಕಿರಲಿಲ್ಲ. ಅಂದಿನಿಂದ ಅವನು ಹಳೆಯ ಪುಸ್ತಕದ ರಾಶಿಗಳನ್ನೆಲ್ಲ ಕೆದಕುತ್ತ ಬಂದಿದ್ದ, ಸಿಗದ ಒಂದಕ್ಕೆ ಬದಲಾಗಿ ಸಿಕ್ಕ ನಾನೂರನ್ನು ಮನೆಗೆ ತಂದಿದ್ದ.

ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತ ಹೆಂಡತಿ ತಣ್ಣಗೆ ಮಾತಾಡಿದಳು. ಆಕೆ ಕೂಗಾಡಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

"ರೀ, ಇವತ್ತು ಸಾಯಂಕಾಲ ಆರು ಗಂಟೆಗೆ ರದ್ದಿಯವನಿಗೆ ಬರೋಕೆ ಹೇಳ್ತೀನಿ."

"ಯಾಕೆ?"

"ಯಾಕೆ ಅಂದ್ರೆ ಕೋಣೆ ಖಾಲಿ ಮಾಡೋಕೆ. ಓದೋರಾಗಿದ್ರೆ ಬೇರೆ ಮಾತು. ನೀವು ಪುಸ್ತಕ ಓದಲ್ಲ, ಪುಸ್ತಕದ ಜೊತೆ ಮಲಗ್ತೀರಿ."

ಮಕ್ಕಳಿಲ್ಲದ ಮನೆ, ಬೇರೆ ಆಸ್ತಿಯಿಲ್ಲದ ಜೀವನ. ಆ ಕೋಣೆಗೆ ಹೋಗಿ ಸುಮ್ಮನೆ ನಿಂತು ಬರುವುದೇ ಅವನ ಪಾಲಿನ ಸಂಪತ್ತಾಗಿತ್ತು. ಗಂಡನ ಮುಖ ನೋಡಿ ಹೆಂಡತಿಯ ಮನಸ್ಸು ಒಂದು ಎಳೆ ಸಡಿಲವಾಯಿತು.

"ಸರಿ, ಒಂದು ಮಾತು. ಇವತ್ತು ಒಂದೇ ದಿನ. ಆರು ಗಂಟೆ ತನಕ ಕಣ್ಣು ಮುಚ್ಚಬಾರದು, ಬರೋವಾಗ ಪುಸ್ತಕ ತರಬಾರದು. ನಿಮ್ಮ ಮೇಲೆ ನಿಮಗೆ ಅಷ್ಟು ಹಿಡಿತ ಇದೆ ಅಂತ ತೋರಿಸಿ, ನಾನು ಇನ್ಯಾವತ್ತೂ ಆ ಕೋಣೆ ವಿಷಯ ಎತ್ತಲ್ಲ. ತಪ್ಪಿದ್ರೆ ಗಾಡಿ ತುಂಬುತ್ತೆ."

"ಕಣ್ಣು ಮುಚ್ಚಿದ್ದು ನಿನಗೆ ಹೇಗೆ ಗೊತ್ತಾಗುತ್ತೆ?" ಎಂದು ಅವನು ಕೇಳಿದ. ಕೇಳಬಾರದಿತ್ತು.

"ದರ್ಜಿ ಅಕ್ಕ ಇದ್ದಾರಲ್ಲ," ಎಂದಳು ಹೆಂಡತಿ.

ದರ್ಜಿ ಅಕ್ಕ ಪಕ್ಕದ ಮನೆಯವರು. ಆಕೆಯ ಹೊಲಿಗೆ ಅಂಗಡಿಯೂ ಗಡಿಯಾರದ ಅಂಗಡಿಗೆ ಅಂಟಿಕೊಂಡೇ ಇತ್ತು, ನಡುವೆ ಒಂದು ಗಾಜಿನ ಕಿಟಕಿ ಮಾತ್ರ. ಆಕೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಕೆಲವರಿಗೆ ಈಜು ಬರುವುದಿಲ್ಲವಲ್ಲ, ಹಾಗೆ. ಮದುವೆ ಹೆಣ್ಣು ಅಳತೆ ಕೊಡಲು ಬಂದರೂ, "ಸೊಂಟ ಹೋದ ವರ್ಷಕ್ಕಿಂತ ದಪ್ಪ ಆಗಿದೆಯಮ್ಮ" ಎಂದು ನಾಲ್ಕು ಜನರ ಮುಂದೆ ಹೇಳಿಬಿಡುವ ಹೆಂಗಸು. ಇಂಥವರ ಕಣ್ಣ ಕೆಳಗೆ ಗಡಿಯಾರದಣ್ಣನ ಆ ದಿನ ಶುರುವಾಯಿತು.

ಮಧ್ಯಾಹ್ನದವರೆಗೆ ಏನೂ ತೊಂದರೆಯಿರಲಿಲ್ಲ. ಅಂದು ಅಂಗಡಿಯಲ್ಲಿ ಕೈತುಂಬ ಕೆಲಸ. ಊರಾಚೆಯ ಬ್ರೆಡ್ ಕಾರ್ಖಾನೆಯವರು ಹನ್ನೆರಡು ಅಲಾರಾಂ ಗಡಿಯಾರಗಳನ್ನು ರಿಪೇರಿಗೆ ಕೊಟ್ಟಿದ್ದರು. ಅಲ್ಲಿನ ಕೆಲಸಗಾರರು ಬೆಳಗಿನ ಜಾವ ಮೂರಕ್ಕೆ ಎದ್ದು ಒಲೆ ಹೊತ್ತಿಸಬೇಕು. ಹೋದ ತಿಂಗಳು ಗಡಿಯಾರ ಬಡಿದರೂ ಯಾರೂ ಏಳದೆ, ಇಡೀ ಊರು ಬ್ರೆಡ್ಡಿಲ್ಲದೆ ಬೆಳಗು ಕಂಡಿತ್ತು. ಅದಕ್ಕೇ ಅವರು, "ಎಬ್ಬಿಸುವ ಗಡಿಯಾರ ಬೇಕು, ಬರೀ ಬಡಿಯುವುದು ಬೇಡ" ಎಂದು ಹೇಳಿ, ಸಂಜೆ ಆರೂವರೆಗೆ ವ್ಯಾನು ಕಳಿಸುವುದಾಗಿ ತಿಳಿಸಿದ್ದರು. ಗಡಿಯಾರದಣ್ಣ ಹನ್ನೆರಡನ್ನೂ ಬಿಚ್ಚಿ, ತೊಳೆದು, ಸ್ಪ್ರಿಂಗು ಬಿಗಿದು, ಎಂದಿನ ಪದ್ಧತಿಯಂತೆ ತನ್ನ ಮೇಜಿನ ಮೇಲಿನ ಹಲಗೆಯಲ್ಲಿ ಸಾಲಾಗಿ ಜೋಡಿಸಿದ. ರಿಪೇರಿಯಾದ ಅಲಾರಾಂಗಳನ್ನು ಯಜಮಾನರು ಮೂರು ಗಂಟೆಯಿಂದ ಒಂದೊಂದು ನಿಮಿಷದ ಅಂತರಕ್ಕೆ ತಿರುಗಿಸಿಟ್ಟು ಊಟಕ್ಕೆ ಹೋಗುವುದು ಆ ಅಂಗಡಿಯ ನಡಾವಳಿ.

ಎರಡೂವರೆಗೆ ಯಜಮಾನರು ಹಿಂಬಾಗಿಲಿನಿಂದ ಊಟಕ್ಕೆ ಹೊರಟರು. ಗಡಿಯಾರದಣ್ಣನ ದೇಹಕ್ಕೆ ಹದಿನೈದು ವರ್ಷದ ಅಭ್ಯಾಸ. ಹಿಂಬಾಗಿಲ ಚಿಲಕದ ಸದ್ದು ಕೇಳಿದ್ದೇ ತಡ, ಕುತ್ತಿಗೆ ತಾನಾಗಿಯೇ ಮೇಜಿನ ಕಡೆಗೆ ಬಾಗತೊಡಗಿತು. ದಿನವೂ ಅವನು ಈ ಅರ್ಧ ಗಂಟೆ ಕದ್ದು ನಿದ್ದೆ ಮಾಡುತ್ತಿದ್ದ, ಯಜಮಾನರು ಮೂರೂಕಾಲಿಗೆ ಬರುವ ಹೊತ್ತಿಗೆ ಭೂತಗನ್ನಡಿ ಕಣ್ಣಿಗೇರಿಸಿ ಕೂತಿರುತ್ತಿದ್ದ. ಅನ್ನ ಕೊಡುವ ಮನುಷ್ಯನಿಗೆ ಮೋಸ ಮಾಡುತ್ತಿದ್ದೇನೆಂದು ಅವನಿಗೆ ಒಳಗೊಳಗೇ ಕೊರಗೂ ಇತ್ತು, ಆದರೆ ಕೊರಗಿನಿಂದ ಅವನ ನಿದ್ದೆ ಯಾವತ್ತೂ ಕೆಟ್ಟಿರಲಿಲ್ಲ.

"ಅಣ್ಣಾ, ರೆಪ್ಪೆ ಅರ್ಧ ಇಳೀತು," ಎಂದರು ಕಿಟಕಿಯಾಚೆಯಿಂದ ದರ್ಜಿ ಅಕ್ಕ.

"ಇಲ್ಲಕ್ಕ, ಸ್ಪ್ರಿಂಗು ಹುಡುಕ್ತಿದ್ದೆ."

"ಸ್ಪ್ರಿಂಗು ನಿಮ್ಮ ಬಲಗೈಯಲ್ಲೇ ಇದೆ."

ಈ ಮಾತು ಎದುರು ಸಾಲಿನ ಔಷಧಿ ಅಂಗಡಿಯವರ ಕಿವಿಗೆ ಬಿತ್ತು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಊರಿನ ಕಷ್ಟಗಳಿಗೆಲ್ಲ ಪರಿಹಾರ ಹುಡುಕುವುದು ಅವರ ಉಪಕಸುಬು. ವಿಷಯ ಏನೆಂದು ಕೇಳಿ, ದರ್ಜಿ ಅಕ್ಕ ಇದ್ದದ್ದು ಇದ್ದ ಹಾಗೆ ಹೇಳಿದ ಮೇಲೆ, ಅವರು ಒಂದು ಸಣ್ಣ ಡಬ್ಬಿ ಹಿಡಿದು ಬಂದರು.

"ತಲೆನೋವಿನ ಮುಲಾಮು ಇದು. ಕಣ್ಣಿನ ಕೆಳಗೆ ಒಂದು ಚೂರು ಹಚ್ಚಿಕೊಳ್ಳಿ. ನಾಲ್ಕು ಗಂಟೆ ಕಾಲ ಕಣ್ಣು ಮುಚ್ಚೋಕೆ ನಿಮ್ಮ ಕೈಲಿ ಆದ್ರೆ ನನ್ನ ಹೆಸರು ಬದಲಾಯಿಸಿ."

ಒಂದು ಚೂರು ಸಾಲದೆಂದು ಗಡಿಯಾರದಣ್ಣ ಎರಡು ಬೆರಳು ತುಂಬ ಹಚ್ಚಿಕೊಂಡ. ಆಮೇಲೆ ಅವನಿಗೆ ನಿದ್ದೆಯ ಯೋಚನೆಯೇ ಬರಲಿಲ್ಲ. ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು, ಮೂಗು ಉರಿಯಿತು, ಗಡಿಯಾರ ತಗೊಂಡು ಹೋಗಲು ಬಂದ ಮುದುಕಿಯೊಬ್ಬಳು, "ಹೋದವರು ಹೋದರು, ಸಮಾಧಾನ ಮಾಡ್ಕೊಳಪ್ಪ" ಎಂದು ಬೆನ್ನು ತಟ್ಟಿ ಹೋದಳು. ಮೂರು ಗಂಟೆಗೆ ಸರಿಯಾಗಿ ಅಲಾರಾಂಗಳು ಒಂದರ ಹಿಂದೆ ಒಂದು ಬಡಿದವು. ಹನ್ನೆರಡೂ ಬಡಿದವು. ಅವನು ಒಂದೊಂದನ್ನೇ ನಿಲ್ಲಿಸುತ್ತ, ತಾನು ಎಚ್ಚರವಾಗಿದ್ದುಕೊಂಡು ಅವನ್ನು ಕೇಳಿದ್ದು ಇದೇ ಮೊದಲು ಎಂದುಕೊಂಡ. ಎದೆಯಲ್ಲಿ ಸಣ್ಣದಾಗಿ ಹೆಮ್ಮೆಯೆನಿಸಿತು.

ಮೂರೂಕಾಲಿಗೆ ಹಿಂದಿನ ಪರದೆ ಸರಿಯಿತು. ಯಜಮಾನರು ಕೈಯಲ್ಲಿ ಪೆನ್ಸಿಲ್ಲು, ಒಂದು ಚೀಟಿ ಹಿಡಿದು ಹೊರಬಂದರು. ಊಟಕ್ಕೆ ಹೋದವರ ಮುಖ ಅದಾಗಿರಲಿಲ್ಲ.

"ಏನಾಯ್ತು ನಿಮಗೆ?" ಎಂದರು.

"ಏನೂ ಆಗಿಲ್ಲ ಯಜಮಾನ್ರೇ. ಮುಲಾಮು."

"ಅದಲ್ಲ. ಯಾಕೆ ಮಲಗಲಿಲ್ಲ?"

ಹದಿನೈದು ವರ್ಷದ ಕಳ್ಳತನ ಬಯಲಾಯಿತೆಂದು ಗಡಿಯಾರದಣ್ಣ ಕೈ ಜೋಡಿಸಿದ. ಯಜಮಾನರು ಆ ಜೋಡಿಸಿದ ಕೈಯನ್ನೇ ಹಿಡಿದು, ಕುರ್ಚಿಯಲ್ಲಿ ಕೂರಿಸಿ, ತಲೆಯ ಮೇಲೆ ಕೈಹೊತ್ತು ಹೇಳಿದ ಮಾತು ಇದು:

"ನಮ್ಮ ಅಂಗಡಿ ಅಲಾರಾಂ ಹೆಣಾನೂ ಎಬ್ಬಿಸುತ್ತೆ ಅಂತ ಊರೆಲ್ಲ ಹೇಳುತ್ತಲ್ಲ, ಅದು ಹೇಗೆ ಅಂದ್ಕೊಂಡಿದ್ದೀರಿ? ನಿಮ್ಮ ನಿದ್ದೆಯಿಂದ. ಅಂಥಾ ನಿದ್ದೆ ಮಾಡೋ ಮನುಷ್ಯ ಹತ್ತೂರಲ್ಲಿ ಇಲ್ಲ. ಹದಿನೈದು ವರ್ಷದಿಂದ ದಿನಾ ಆ ಪರದೆ ಹಿಂದೆ ನಿಂತ್ಕೊಂಡು ನೋಡ್ತೀನಿ. ನೀವು ಕಣ್ಣು ಬಿಟ್ರೆ ಗಡಿಯಾರ ಪಾಸು. ಮಗ್ಗುಲು ಬದಲಾಯಿಸಿದ್ರೆ ಗಂಟೆ ಸಡಿಲ. ಅಲುಗಾಡದೇ ಇದ್ರೆ ಫೇಲು, ವಾಪಸ್ ಬಿಚ್ಚಬೇಕು. ರಿಪೇರಿ ಮಾಡೋರು ಬೇಕಾದಷ್ಟು ಜನ ಸಿಗ್ತಾರೆ ರೀ. ನಾನು ನಿಮ್ಮನ್ನ ಇಟ್ಕೊಂಡಿರೋದು ನಿದ್ದೆಗೆ."

"ಮೊದಲೇ ಹೇಳಬಹುದಿತ್ತಲ್ಲ ಯಜಮಾನ್ರೇ."

"ಹೇಳಿದ್ರೆ ನಿದ್ದೆ ಕೆಡುತ್ತೆ ಅಂತಲೇ ಹೇಳಲಿಲ್ಲ."

ಹದಿನೈದು ವರ್ಷ ತನ್ನ ಕೈಚಳಕಕ್ಕೆ ಮರ್ಯಾದೆ ಸಿಗುತ್ತಿದೆಯೆಂದು ನಂಬಿದ್ದವನು ಗಡಿಯಾರದಣ್ಣ. ಕಣ್ಣಿನಿಂದ ನೀರು ಹೇಗೂ ಬರುತ್ತಿತ್ತು. ಈಗ ಮುಲಾಮಿನದು ಎಷ್ಟು, ತನ್ನದು ಎಷ್ಟು ಎಂದು ಅವನಿಗೇ ತಿಳಿಯಲಿಲ್ಲ.

"ಈಗ ಮಲಗಿ," ಎಂದರು ಯಜಮಾನರು. "ವ್ಯಾನು ಬರೋಕೆ ಇನ್ನೂ ಮೂರು ಗಂಟೆ ಇದೆ. ಹನ್ನೆರಡನ್ನೂ ನೋಡಿಬಿಡೋಣ. ಬ್ರೆಡ್ಡಿನವರಿಗೆ ನಾನು ಮಾತು ಕೊಟ್ಟಿದ್ದೀನಿ. ನಾಳೆ ಅವರು ಏಳದೇ ಹೋದ್ರೆ ನಮ್ಮ ಅಂಗಡಿ ಮುಚ್ಚಿದ ಹಾಗೇ, ನಿಮ್ಮ ಕೆಲಸಾನೂ ಅಲ್ಲಿಗೆ ಮುಗೀತು."

"ಮಲಗಬಾರದು," ಎಂದರು ಕಿಟಕಿಯಲ್ಲಿ ದರ್ಜಿ ಅಕ್ಕ.

ಯಜಮಾನರು ತಿರುಗಿ ನೋಡಿದರು. ವಿಷಯ ಮತ್ತೊಮ್ಮೆ ಮೊದಲಿಂದ ಹೊರಬಿತ್ತು. ಹೆಬ್ಬೆರಳು, ನಿಘಂಟು, ನಾನೂರು ಪುಸ್ತಕ, ರದ್ದಿಯವನು, ಎರಡು ಪುಟಕ್ಕೆ ಬರುವ ನಿದ್ದೆ, ಯಾವುದನ್ನೂ ದರ್ಜಿ ಅಕ್ಕ ಬಿಡಲಿಲ್ಲ. ಗಡಿಯಾರದಣ್ಣ ಆಕೆಯ ಕಡೆ ದೈನ್ಯದಿಂದ ನೋಡಿದ.

"ಅಕ್ಕಾ, ಇದು ಕೆಲಸದ ನಿದ್ದೆ. ಇದನ್ನ ಲೆಕ್ಕಕ್ಕೆ ಹಿಡೀಬೇಡಿ."

"ಕೆಲಸಕ್ಕೋಸ್ಕರ ಮಲಗಿದ್ರು ಅಂತಾನೂ ಹೇಳ್ತೀನಿ ಅಣ್ಣ. ಆದ್ರೆ ಮಲಗಿದ್ರು ಅಂತ ಹೇಳ್ತೀನಿ. ನನಗೆ ಬೇರೆ ಥರ ಬರಲ್ಲ."

ಹೆಂಡತಿಗೇ ಫೋನು ಮಾಡಿ ಅಪ್ಪಣೆ ಕೇಳೋಣವೆಂದು ನಾಲ್ಕು ಸಲ ಪ್ರಯತ್ನಿಸಿದ್ದಾಯಿತು. ಗಂಟೆ ಬಡಿಯಿತು, ಬಡಿಯಿತು, ಯಾರೂ ಎತ್ತಲಿಲ್ಲ. ಪುಸ್ತಕ ಮುಖ್ಯವೋ ಕೆಲಸ ಮುಖ್ಯವೋ ಎಂದು ಅವನು ತೂಗಿ ನೋಡಿದ. ಕೆಲಸವಿಲ್ಲದೆ ಪುಸ್ತಕ ಉಳಿಸಿಕೊಂಡರೆ ಇಬ್ಬರೂ ನಿಘಂಟನ್ನು ತಿನ್ನಬೇಕಾಗುತ್ತದೆ. ಕೊನೆಗೆ ಕಲ್ಲಿನಂಥ ಮನಸ್ಸು ಮಾಡಿಕೊಂಡು, ಹಿಂದಿನ ಕೋಣೆಗೆ ಮನಸ್ಸಿನಲ್ಲೇ ವಿದಾಯ ಹೇಳಿ, ಮೇಜಿನ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ.

ನಿದ್ದೆ ಬರಲಿಲ್ಲ.

ಇಷ್ಟು ವರ್ಷ ಕರೆಯದೇ ಬರುತ್ತಿದ್ದದ್ದು ಕರೆದಾಗ ಬರಲಿಲ್ಲ. ಒಂದು ಕಡೆ ಮುಲಾಮಿನ ಉರಿ, ಇನ್ನೊಂದು ಕಡೆ ಪರದೆಯ ಸಂದಿನಲ್ಲಿ ಯಜಮಾನರ ಪೆನ್ಸಿಲ್ಲು, ಕಿಟಕಿಯಲ್ಲಿ ದರ್ಜಿ ಅಕ್ಕನ ನಿರ್ಮಲವಾದ ಎರಡು ಕಣ್ಣು. ಔಷಧಿ ಅಂಗಡಿಯವರು ಓಡಿ ಬಂದು, ತಾವೇ ಹಚ್ಚಿಸಿದ ಮುಲಾಮನ್ನು ಒದ್ದೆ ಬಟ್ಟೆಯಿಂದ ಒರೆಸಿದರು, ಅದು ಕಣ್ಣಿನೊಳಕ್ಕೇ ಇಳಿಯಿತು. ಬಿಸಿ ಹಾಲು ತರಿಸಿ ಕುಡಿಸಿದರು. ದರ್ಜಿ ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿದರು, ಆಮೇಲೆ ಯಂತ್ರದ ಸದ್ದೇ ಜೋಗುಳವಿದ್ದೀತೆಂದು ಮತ್ತೆ ತುಳಿದರು. ಯಜಮಾನರು ತಾವೇ ಅವನ ಬೆನ್ನು ತಟ್ಟಿದರು. ತಮ್ಮ ಕೆಲಸದವನನ್ನು ತಟ್ಟಿ ಮಲಗಿಸುವ ಗತಿ ಯಾವ ಯಜಮಾನನಿಗೂ ಬರಬಾರದು. ಐದು ಗಂಟೆಯವರೆಗೂ ಗಡಿಯಾರದಣ್ಣ ಕಣ್ಣು ಬಿಗಿಹಿಡಿದು ಮಲಗಿ, ಗೋಡೆಯ ಮೇಲಿನ ಮೂವತ್ತು ಗಡಿಯಾರಗಳ ಟಿಕ್ ಟಿಕ್ ಎಣಿಸಿದ.

"ಏಳಿ, ಸಾಕು," ಎಂದರು ಯಜಮಾನರು ಸೋತ ದನಿಯಲ್ಲಿ. "ಮನೆಗೆ ಹೋಗಿ. ಇವತ್ತು ಏನು ಗತಿ ನನಗೆ ಗೊತ್ತಿಲ್ಲ. ನಾಳೆಯಿಂದ ನಿಮಗೆ ನಿದ್ದೆ ಬರೋ ಹಾಗೆ ನಾನೇ ಏನಾದ್ರೂ ಮಾಡ್ತೀನಿ. ಆಗಲೂ ಬರದೇ ಹೋದ್ರೆ, ಬೇರೆ ಯಾರನ್ನಾದ್ರೂ ಹುಡುಕ್ತೀನಿ."

ದರ್ಜಿ ಅಕ್ಕ ಮಾತ್ರ ಸಂತೋಷಪಟ್ಟರು. "ನಿಮ್ಮ ಮಾತು ಉಳಿಸ್ಕೊಂಡ್ರಿ ಅಣ್ಣ. ಐದರ ತನಕ ರೆಪ್ಪೆ ಮುಚ್ಚಿತ್ತು, ನಿದ್ದೆ ಇರಲಿಲ್ಲ. ಹಾಗೇ ಹೇಳ್ತೀನಿ."

ಗಡಿಯಾರದ ಅಂಗಡಿ ಪೇಟೆಬೀದಿಯ ಒಂದು ತುದಿಗೆ, ಮನೆ ಇನ್ನೊಂದು ತುದಿಯ ಗಲ್ಲಿಯಲ್ಲಿ. ನಡುವೆ, ಅಂಚೆಪೆಟ್ಟಿಗೆಯ ಪಕ್ಕದಲ್ಲಿ, ಹಳೆ ಪುಸ್ತಕದಜ್ಜ ನೆಲದ ಮೇಲೆ ತಾಡಪಾಲು ಹಾಸಿ ಕೂತಿರುತ್ತಿದ್ದರು. ಗಡಿಯಾರದಣ್ಣ ಆ ಕಡೆ ನೋಡಬಾರದೆಂದು ಎದುರು ಬದಿಯ ಚರಂಡಿಯ ಅಂಚು ಹಿಡಿದು, ತಲೆ ತಗ್ಗಿಸಿ ನಡೆದ.

"ಏನಪ್ಪಾ, ಕಾಣದ ಹಾಗೆ ಹೋಗ್ತೀಯಾ?" ಎಂದು ಅಜ್ಜ ಕೂಗಿದರು. "ಬಾ ಇಲ್ಲಿ. ನಿನ್ನ ದೀಪಸ್ತಂಭ ಸಿಕ್ಕಿತು."

ಅವನ ಕಾಲುಗಳು ನಿಂತುಬಿಟ್ಟವು. ಬೇಡ ಬೇಡವೆಂದರೂ ರಸ್ತೆ ದಾಟಿದವು. ಅಜ್ಜ ಎತ್ತಿ ಹಿಡಿದಿದ್ದರು: ಅದೇ ನೀಲಿ ರಟ್ಟು, ಅದೇ ದಪ್ಪ, ಬೆನ್ನ ಮೇಲೆ 'ಎರಡನೇ ಭಾಗ'. ಅವನು ಕೈ ಚಾಚಿ, ಒಂದು ಬೆರಳಿನಿಂದ ರಟ್ಟನ್ನು ಮುಟ್ಟಿದ. ಹತ್ತೊಂಬತ್ತು ವರ್ಷದಿಂದ ಆ ಹೆಣ್ಣು ಮೆಟ್ಟಿಲ ಮೇಲೆ ತಿರುಗಿ ನಿಂತಿದ್ದಳು. ಒಂದು ಪುಟ ತೆರೆದರೆ ಸಾಕು, ಹಿಂದೆ ಬಂದವರು ಯಾರೆಂದು ತಿಳಿಯುತ್ತಿತ್ತು.

"ತೆರೀಬೇಡಿ ಅಜ್ಜ," ಎಂದ. "ನಾನು ಇದನ್ನ ತಗೊಳ್ಳೋ ಹಾಗಿಲ್ಲ."

"ಹುಚ್ಚಾ ನಿನಗೆ? ಇದಕ್ಕೋಸ್ಕರ ತಾನೇ ನನ್ನ ತಲೆ ತಿಂದಿದ್ದು?"

"ನಾಳೆವರೆಗೆ ಎತ್ತಿಡಿ ಅಜ್ಜ, ದಮ್ಮಯ್ಯ."

"ಎತ್ತಿಡೋಕೆ ನಂಗೆ ಬೀರು ಇದೆಯಾ? ಯಾರು ಮೊದಲು ಕೇಳ್ತಾರೋ ಅವರಿಗೆ ಕೊಡೋನು ನಾನು."

ನಾನೂರು ಪುಸ್ತಕ ಒಂದು ಕಡೆ, ಈ ಒಂದು ಇನ್ನೊಂದು ಕಡೆ. ಅವನು ಹಲ್ಲು ಕಚ್ಚಿ, ಬೆರಳನ್ನು ಕಿತ್ತುಕೊಂಡು, ಹಿಂತಿರುಗಿ ನೋಡದೆ ನಡೆದ. ಬದುಕಿನಲ್ಲಿ ಅವನು ಅಷ್ಟು ಗಟ್ಟಿಯಾಗಿ ನಡೆದುಕೊಂಡದ್ದು ಅದೊಂದೇ ಸಲ. ನೋಡಿ ಭೇಷ್ ಎನ್ನಲು ಒಬ್ಬರೂ ಇರಲಿಲ್ಲ.

ಮನೆಯ ಮುಂದೆ ರದ್ದಿಯವನ ತಳ್ಳುಗಾಡಿ ನಿಂತಿತ್ತು. ಖಾಲಿಯಲ್ಲ. ನಾನೂರು ಚಿಲ್ಲರೆ ಪುಸ್ತಕಗಳೂ ಹುರಿಯಲ್ಲಿ ಬಿಗಿದ ಕಟ್ಟುಗಳಾಗಿ ಮೇಲೇರಿ ಕೂತಿದ್ದವು, ನೆತ್ತಿಯ ಮೇಲೆ ನಿಘಂಟು. ರದ್ದಿಯವನು ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದ.

"ಇನ್ನೂ ಐದೂಕಾಲು," ಎಂದ ಗಡಿಯಾರದಣ್ಣ.

"ಕೆಲಸ ಇರಲಿಲ್ಲ, ಬೇಗ ಬಂದೆ. ತುಂಬಲಾ ಅಮ್ಮಾ ಅಂದೆ, ಅಮ್ಮ ಹೂಂ ಅಂದ್ರು. ಎಲ್ಲಾನೂ ಅಂದೆ, ಹೂಂ ಅಂದ್ರು. ಏನು ಕೇಳಿದ್ರೂ ಹೂಂ ಅಂತಾರೆ. ಆರಕ್ಕೆ ಹೊರಡ್ತೀನಿ ಸ್ವಾಮಿ. ಇಳಿಸಬೇಕಾದ್ರೆ ಅಷ್ಟರೊಳಗೆ ಹೇಳಿ."

ಅವನು ಒಳಗೆ ಓಡಿದ. ಬೋಳಾದ ಹಿಂದಿನ ಕೋಣೆಯ ನಡುವೆ, ಮಂಚದ ಮೇಲೆ, ಬಟ್ಟೆ ಸುತ್ತಿದ ಕಾಲನ್ನು ದಿಂಬಿನ ಮೇಲಿಟ್ಟು ಹೆಂಡತಿ ಒರಗಿದ್ದಳು. ಬೆಳಿಗ್ಗೆ ತೆಗೆದಿಟ್ಟ ಊಟದ ತಟ್ಟೆ ಹಾಗೇ ಇತ್ತು. ಪಕ್ಕದಲ್ಲಿ ಫೋನು. ಮಡಿಲಲ್ಲಿ ನೀಲಿ ರಟ್ಟಿನ ಪುಸ್ತಕ, ಕೊನೆಯ ಪುಟಕ್ಕೆ ತೆರೆದದ್ದು.

"ರೀ," ಎಂದಳು, ಅವನ ಮುಖ ನೋಡಿದವಳೇ. "ಅವಳು ತಿರುಗಿ ನೋಡಿದ್ಲಲ್ಲ, ಹಿಂದೆ ಬಂದಿದ್ದು ಯಾರು?"

"ನನಗೂ ಗೊತ್ತಿಲ್ಲ ಕಣೇ."

"ಕಟ್ಟು ಕಟ್ಟೋಣ ಅಂತ ಕೈಗೆ ತಗೊಂಡೆ. ಒಂದು ಪುಟ ನೋಡಿದೆ ಅಷ್ಟೇ. ಬೆಳಿಗ್ಗೆಯಿಂದ ಎದ್ದಿಲ್ಲ. ಎರಡನೇ ಭಾಗ ಹುಡುಕ್ತಾ ಇದ್ದೆ ಅಂತಿದ್ರಲ್ಲ, ಎಲ್ಲೂ ಸಿಗಲೇ ಇಲ್ವಾ?"

ಸುಳ್ಳು ಹೇಳಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಆದರೆ ತನ್ನ ಸಂಯಮವನ್ನು ಯಾರಿಗಾದರೂ ಹೇಳಿಕೊಳ್ಳದೆ ಎದೆ ಒಡೆಯುವಂತಿತ್ತು. "ಸಿಕ್ಕಿತ್ತು," ಎಂದ. "ಈಗ ತಾನೇ, ಅಜ್ಜನ ಹತ್ತಿರ. ಮುಟ್ಟಿ ವಾಪಸ್ ಇಟ್ಟು ಬಂದೆ."

ಹೆಂಡತಿ ಪುಸ್ತಕ ಮಡಚಿಟ್ಟಳು.

"ಬಿಟ್ಟು ಬಂದ್ರಾ?"

"ನೀನೇ ತಾನೇ ತರಬೇಡ ಅಂದಿದ್ದು."

"ಇಪ್ಪತ್ತೆರಡು ವರ್ಷ ಆಯ್ತು ಮದುವೆಯಾಗಿ. ನಾನು ಹೇಳಿದ್ದು ಯಾವತ್ತಾದ್ರೂ ಕೇಳಿದ್ದೀರಾ? ಇವತ್ತೇ ಕೇಳಬೇಕಿತ್ತಾ?"

ಹೆಂಡತಿ ಎದ್ದು ಕೂತು ಹೊಸ ಶರತ್ತು ಹಾಕಿದಳು. "ಪುಸ್ತಕದ ಮಾತು ನಾನು ವಾಪಸ್ ತಗೊಂಡೆ. ಹೋಗಿ ಅದನ್ನ ತಗೊಂಡು ಬನ್ನಿ. ನಿದ್ದೆ ಮಾತು ಹಾಗೇ ಇದೆ, ಅದನ್ನ ದರ್ಜಿ ಅಕ್ಕನ ಬಾಯಿಂದ ಕೇಳ್ತೀನಿ. ಪುಸ್ತಕ ಸಿಗದೇ ಹೋದ್ರೂ ಚಿಂತೆಯಿಲ್ಲ, ಆರರ ತನಕ ಎಚ್ಚರವಾಗಿದ್ರು ಅಂತ ಅಕ್ಕ ಬಂದು ಹೇಳಿದ್ರೆ ಸಾಕು, ಗಾಡಿ ಇಳಿಸ್ತೀನಿ."

ಗಡಿಯಾರದಣ್ಣನಿಗೆ ಇದಕ್ಕಿಂತ ಸುಲಭವಾದ ಶರತ್ತು ಇನ್ನೊಂದು ಬೇಕಿರಲಿಲ್ಲ. ಮುಕ್ಕಾಲು ಗಂಟೆಯೂ ಇರಲಿಲ್ಲ ಆರಕ್ಕೆ. ಅವನು ಓಡಿದ. ಅಂಚೆಪೆಟ್ಟಿಗೆಯ ಹತ್ತಿರ ಅಜ್ಜ ತಾಡಪಾಲು ಮಡಚುತ್ತಿದ್ದರು.

"ಹೋಯ್ತಪ್ಪ," ಎಂದರು. "ನೀನು ಹೋಗಿ ಹತ್ತು ನಿಮಿಷ ಆಗಿರಲಿಲ್ಲ, ನಿಮ್ಮ ಅಂಗಡಿ ಯಜಮಾನ್ರು ಬಂದ್ರು. ಇರೋದ್ರಲ್ಲಿ ಎಲ್ಲಕ್ಕಿಂತ ದಪ್ಪ ಪುಸ್ತಕ ಕೊಡಿ ಅಂದ್ರು. ಕೊಟ್ಟೆ."

ಅಂಗಡಿಯಲ್ಲಿ ಯಜಮಾನರು ಹನ್ನೆರಡು ಗಡಿಯಾರಗಳ ಮುಂದೆ ಸಾವಿನ ಮನೆಯಲ್ಲಿ ಕೂತ ಹಾಗೆ ಕೂತಿದ್ದರು. ಕೈಗಡಿಯಾರಗಳನ್ನಿಡುವ ಗಾಜಿನ ಬೀರುವಿನಲ್ಲಿ, ಬೀಗದೊಳಗೆ, ನೀಲಿ ಪುಸ್ತಕ ನಿಂತಿತ್ತು.

"ಯಜಮಾನ್ರೇ, ಆ ಪುಸ್ತಕ..."

"ನಿಮಗೇ ತಂದಿದ್ದು," ಎಂದರು ಯಜಮಾನರು. "ಎರಡು ಪುಟಕ್ಕೆ ನಿಮಗೆ ನಿದ್ದೆ ಬರುತ್ತಂತಲ್ಲ, ದರ್ಜಿ ಅಕ್ಕ ಹೇಳಿದ್ರು. ನಾಳೆಯಿಂದ ದಿನಾ ಎರಡೂವರೆಗೆ ಬೀಗ ತೆಗೆದು ಕೊಡ್ತೀನಿ. ಓದಿ ಮಲಗಿ."

"ಇದೊಂದನ್ನ ಓದಿದ್ರೆ ನನಗೆ ನಿದ್ದೆ ಬರಲ್ಲ ಯಜಮಾನ್ರೇ. ಬೇಕಾದ್ರೆ ಮನೇಲಿರೋ ನಾನೂರು ತಂದು ಕೊಡ್ತೀನಿ, ಯಾವುದಕ್ಕೆ ಬೇಕಾದ್ರೂ ಮಲಗ್ತೀನಿ. ಇದನ್ನ ನನ್ನ ಹೆಂಡತಿಗೆ ಕೊಟ್ಟುಬಿಡಿ."

"ಇಷ್ಟು ದಪ್ಪ ಪುಸ್ತಕಕ್ಕೆ ನಿದ್ದೆ ಬರಲ್ಲ ಅಂದ್ರೆ ಯಾರು ನಂಬ್ತಾರೆ? ಅದು ಈಗ ಅಂಗಡಿ ಸಾಮಾನು, ಸ್ಕ್ರೂಡ್ರೈವರ್ ಇದ್ದ ಹಾಗೆ. ಹೊರಗೆ ಹೋಗಲ್ಲ."

ಕಾಡಿದ್ದಾಯಿತು, ಬೇಡಿದ್ದಾಯಿತು. ಬೀರುವಿನ ಕೀಲಿ ಯಜಮಾನರ ಸೊಂಟದಲ್ಲೇ ಉಳಿಯಿತು. ಗಡಿಯಾರದಣ್ಣ ಹೊರಗೆ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕುಸಿದ. ಹೋಗಲಿ, ಎಂದುಕೊಂಡ. ದೀಪಸ್ತಂಭ ಹೋದರೂ ನಾನೂರು ಉಳಿದವಲ್ಲ. ಇನ್ನು ಕಾಲು ಗಂಟೆ ಸುಮ್ಮನೆ ಕಣ್ಣು ಬಿಟ್ಟುಕೊಂಡು ಕೂತರೆ ಸಾಕು, ದರ್ಜಿ ಅಕ್ಕ ಹೋಗಿ ಸಾಕ್ಷಿ ಹೇಳುತ್ತಾರೆ. ಸಂಜೆಯ ಗಾಳಿ ತಂಪಾಗಿ ಬೀಸುತ್ತಿತ್ತು. ಮುಲಾಮಿನ ಉರಿ ಪೂರ್ತಿ ಇಳಿದಿತ್ತು. ಈಗ ಯಾರೂ ಅವನನ್ನು ಮಲಗು ಎನ್ನುತ್ತಿರಲಿಲ್ಲ, ಮಲಗಬೇಡ ಎನ್ನುತ್ತಲೂ ಇರಲಿಲ್ಲ. ಬೆನ್ನಿಗೆ ಬಾಗಿಲ ಕಂಬ ಹದವಾಗಿ ಸಿಕ್ಕಿತು.

ಹತ್ತು ನಿಮಿಷ ಕಡಿಮೆ ಆರಕ್ಕೆ ದರ್ಜಿ ಅಕ್ಕ ಎಂದಿನಂತೆ ಅಂಗಡಿಗೆ ಬೀಗ ಹಾಕಿ ಹೊರಬಂದರು. ಮೆಟ್ಟಿಲ ಮೇಲೆ ಗಡಿಯಾರದಣ್ಣ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಆಕೆ ಬಗ್ಗಿ ನೋಡಿದರು, ಅಣ್ಣಾ ಎಂದು ಎರಡು ಸಲ ಕರೆದರು. ಕಣ್ಣಲ್ಲಿ ನೀರು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಲು ಬೇಗ ಬೇಗ ಮನೆಯ ಕಡೆಗೆ ನಡೆದರು.

ಗೊರಕೆಯ ಸದ್ದಿಗೆ ಒಳಗೆ ಯಜಮಾನರು ತಲೆಯೆತ್ತಿದರು. ಹೋದ ಜೀವ ಮರಳಿ ಬಂದ ಹಾಗಾಯಿತು ಅವರಿಗೆ. ಸದ್ದು ಮಾಡದೆ ಹನ್ನೆರಡು ಗಡಿಯಾರಗಳನ್ನೂ ಮೆಟ್ಟಿಲ ಮೇಲೆ ತಂದು ಸಾಲಾಗಿ ಇಟ್ಟು, ಐದು ನಿಮಿಷ ಕಡಿಮೆ ಆರರಿಂದ ಒಂದೊಂದು ನಿಮಿಷಕ್ಕೆ ತಿರುಗಿಸಿ, ಪೆನ್ಸಿಲ್ಲು ಹಿಡಿದು ನಿಂತರು. ಮೊದಲನೆಯದು ಬಡಿಯಿತು, ಗಡಿಯಾರದಣ್ಣ ಅಲುಗಲಿಲ್ಲ. ಫೇಲು. ಎರಡನೆಯದು, ಮೂರನೆಯದು ಫೇಲು. ನಾಲ್ಕನೆಯದಕ್ಕೆ ಮಗ್ಗುಲು ಬದಲಿಸಿದ, ಗಂಟೆ ಸಡಿಲ. ಐದನೆಯದು ಫೇಲು. ಆರನೆಯದು ಬಡಿದಾಗ ಗಡಿಯಾರದಣ್ಣ ಬೆಚ್ಚಿ ಕಣ್ಣು ಬಿಟ್ಟು, ಕೈ ಚಾಚಿ ಅದರ ಗಂಟೆ ಒತ್ತಿ ಹಿಡಿದ.

"ಎಷ್ಟು ಗಂಟೆ?" ಎಂದ.

"ಆರು. ಸರಿಯಾಗಿ ಆರು," ಎಂದರು ಯಜಮಾನರು ಆನಂದದಿಂದ, ಚೀಟಿಯ ಮೇಲೆ ಗುರುತು ಹಾಕುತ್ತ. "ಇದು ಪಾಸು."

ಅವನು ಪಕ್ಕದ ಅಂಗಡಿಯ ಕಡೆ ನೋಡಿದ. ಬೀಗ ತೂಗುತ್ತಿತ್ತು. ಬೀದಿಯ ಆ ತುದಿಯಿಂದ, ಎಣ್ಣೆ ಕಾಣದ ಚಕ್ರವೊಂದು ತುಂಬಿದ ಭಾರಕ್ಕೆ ಕಿರುಗುಟ್ಟುತ್ತ ಹೊರಟ ಸದ್ದು ಕೇಳಿಬಂತು. ಗಡಿಯಾರದಣ್ಣ ಎದ್ದು ನಿಲ್ಲಲು ಹೋದ. ಯಜಮಾನರು ಅವನ ಹೆಗಲ ಮೇಲೆ ಕೈಯಿಟ್ಟು, ಮೆಲ್ಲಗೆ ಅದುಮಿ ಕೂರಿಸಿದರು.

"ಮಲಗಿ, ಮಲಗಿ. ಇನ್ನೂ ಆರು ಇವೆ."